ಮಾತಿನ ಉಡುಗೆ

ಒಂದು ಏರ್ಪಾಟು ಬದಲಾದಾಗ, ಆ ಬದಲಾವಣೆಯನ್ನು ಅದಕ್ಕೆ ಒಳಪಡುವವರಿಗೆಲ್ಲ ತಿಳಿಸತಕ್ಕದ್ದೆಂಬುದು ಹಳೆಯ ಧರ್ಮ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರದ ಸೀಮೆಯಲ್ಲಿ ಈ ಧರ್ಮದ ಸಾಕ್ಷಿಗಳು ಅನೇಕ ಊರುಗಳಲ್ಲಿ ನಿಂತಿವೆ. ಯಾವ ಭೂಮಿ ಯಾರಿಗೆ ಸಂದಿತು, ಅದರ ಎಲ್ಲೆ ಯಾವುದು, ಎಂದಿನಿಂದ ಈ ಕಟ್ಟಳೆ ನಡೆಯತಕ್ಕದ್ದು ಎಂಬುದನ್ನು ಹಿಂದಿನವರು ಕಲ್ಲಿನಲ್ಲಿ ಕೊರೆಯಿಸಿ ಜನರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದರು. ಸೋಮನಾಥಪುರದ ಕೇಶವ ದೇವಾಲಯವು 1258ರಲ್ಲಿ ಪ್ರತಿಷ್ಠೆಗೊಂಡಿತು; ಅದರ ಬಾಗಿಲ ಮಂಟಪದಲ್ಲಿಯೇ ದೊಡ್ಡದೊಂದು ಶಾಸನಶಿಲೆಯಿದೆ. ಓದಬಲ್ಲವನು ಓದಲಿ, ಓದಲಾರದವನು ಕೇಳಿ ತಿಳಿಯಲಿ ಎಂಬಂತೆ ಅದು ನಿಂತಿದೆ.

ಇಂದು ಇದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಮಾಡುವ ಬರೆಹವೊಂದಿದೆ. ಗಣಕದಲ್ಲಿಯೂ ಕೈಫೋನಿನಲ್ಲಿಯೂ ಬಳಸುವ ತಂತ್ರಾಂಶದ ಹೊಸ ಆವೃತ್ತಿ ಹೊರಟಾಗಲೆಲ್ಲ ಅದರೊಡನೆ ಒಂದು ಬಿಡುಗಡೆಯ ಟಿಪ್ಪಣಿ ಬರುತ್ತದೆ. ಅದರಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ತಾರೀಖು ಇರುತ್ತದೆ. ಕ್ರಮವರಿತವರು ಉಳಿದುದನ್ನು ಆರು ತಲೆಬರಹಗಳಲ್ಲಿ ಹಂಚುತ್ತಾರೆ: ಹೊಸದಾಗಿ ಸೇರಿದುದು, ಬದಲಾದುದು, ಮುಂದೆ ನಿಂತುಹೋಗಲಿರುವುದು, ತೆಗೆದುಹಾಕಿದುದು, ಸರಿಪಡಿಸಿದುದು, ಭದ್ರತೆಗೆ ಸಂಬಂಧಿಸಿದುದು. ಬಹುಮಂದಿ ಇದನ್ನು ಓದದೆಯೇ ಮುಂದೆ ಸಾಗುತ್ತಾರೆ. ಓದುವಂತೆ ಮಾಡುವ ಹೊಣೆಯ ಒಂದು ಪಾಲು ಅದರ ಉಡುಗೆಯ ಮೇಲಿದೆ.

ಆ ಉಡುಗೆಯನ್ನು ಹೊಲಿಯುವ ಸಾಧನಕ್ಕೆ ಸಿ.ಎಸ್.ಎಸ್. ಎಂದು ಹೆಸರು, ಕನ್ನಡದಲ್ಲಿ ಶೈಲಿಪತ್ರವೆನ್ನಬಹುದು. ನಾರ್ವೆಯ ಹೋಕೂನ್ ವಿಯುಮ್ ಲೀ ಎಂಬವರು 1994ರ ಅಕ್ಟೋಬರಿನಲ್ಲಿ ಇದನ್ನು ಸೂಚಿಸಿದರು; 1996ರ ಡಿಸೆಂಬರಿನಲ್ಲಿ ಇದರ ಮೊದಲನೆಯ ರೂಪಕ್ಕೆ ಮನ್ನಣೆ ದೊರೆಯಿತು. ಇದರ ತತ್ತ್ವ ಸರಳವಾದುದು. ಬರೆಹದಲ್ಲಿ ಇದು ತಲೆಬರಹ, ಇದು ಪಟ್ಟಿ, ಇದು ತಾರೀಖು ಎಂದಷ್ಟೇ ಗುರುತಿರಬೇಕು. ಅಕ್ಷರದ ಗಾತ್ರ, ಬಣ್ಣ, ಸಾಲಿನ ಅಂತರ ಇವೆಲ್ಲ ಬೇರೊಂದು ಪತ್ರದಲ್ಲಿರಬೇಕು. ಹೀಗಾದರೆ ಉಡುಗೆಯನ್ನು ಬದಲಾಯಿಸುವುದಕ್ಕೆ ಮಾತನ್ನು ಮುಟ್ಟಬೇಕಾಗುವುದಿಲ್ಲ.

ಕಲ್ಲಿಗೆ ಈ ಅನುಕೂಲವಿರಲಿಲ್ಲ. ಕಂಡರಿಸಿದ ಅಕ್ಷರವೂ ಅದರ ಅಂದವೂ ಒಂದೇ ಉಳಿಯ ಏಟಿನಿಂದ ಹುಟ್ಟಿದವು. ದಾನಶಾಸನಗಳ ನೆತ್ತಿಯಲ್ಲಿ ಕಾಣುವ ಸೂರ್ಯಚಂದ್ರರನ್ನು ಅಳಿಸದೆ ತೆಗೆಯಲಾಗದು. ಮಾತನ್ನು ಕಲ್ಲಿನಿಂದ ಬಿಡಿಸಿದವರಲ್ಲಿ ಬಿ. ಎಲ್. ರೈಸರು ಮುಖ್ಯರು. 1894ರಲ್ಲಿ ಹೊರಬಂದ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳ ಶಾಸನಗಳೂ ಸೇರಿವೆ. ಒಂದೇ ಶಾಸನವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಅವರು ಅಚ್ಚು ಹಾಕಿಸಿ, ಇಂಗ್ಲಿಷ್ ಅನುವಾದವನ್ನೂ ಕೊಟ್ಟರು. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮುದ್ರಣದಲ್ಲಿ ನಂಜನಗೂಡಿನ ಶಾಸನಗಳು ಮೂರನೆಯ ಸಂಪುಟದಲ್ಲಿಯೇ ಉಳಿದು, ನರಸೀಪುರದವು ಐದನೆಯದಕ್ಕೆ ಹೋದವು. ಕಲ್ಲುಗಳು ಇದ್ದ ಕಡೆಯೇ ಇವೆ; ಬದಲಾದುದು ಜೋಡಣೆ ಮಾತ್ರ.

ಹಾಗಾದರೆ ಉಡುಗೆಯೆಂಬುದು ಮಾತಿಗೆ ಹೊರಗಿನದು, ಅದು ಹೇಗಿದ್ದರೇನು ಎಂದು ಯಾರಾದರೂ ಕೇಳಬಹುದು. ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ನಂಜನಗೂಡಿನ ಪೇಟೆಯಲ್ಲಿ ರಸಬಾಳೆಯನ್ನು ಮಾರುವವನೊಬ್ಬನು ಉದರಿಯ ಲೆಕ್ಕವನ್ನೆಲ್ಲ ಕೈಫೋನಿನ ತಂತ್ರಾಂಶವೊಂದರಲ್ಲಿ ಇಟ್ಟಿದ್ದಾನೆ. ಹೊಸ ಆವೃತ್ತಿಯು ಒಂದು ವರ್ಷಕ್ಕೆ ಹಿಂದಿನ ಲೆಕ್ಕವನ್ನು ಅಳಿಸಿಬಿಡುತ್ತದೆ. ಟಿಪ್ಪಣಿಯಲ್ಲಿ ಈ ಸಂಗತಿ ಇದೆ, ಸುಳ್ಳೇನೂ ಇಲ್ಲ. ಆದರೆ ಮೇಲುಗಡೆ ದಪ್ಪ ಅಕ್ಷರದಲ್ಲಿ ಹೊಸ ಬಣ್ಣಗಳ ವರ್ಣನೆ. ಕೆಳಗೆ ಬಿಳಿಯ ಹಾಳೆಯ ಮೇಲೆ ತೆಳುಬೂದಿಯ ಸಣ್ಣ ಅಕ್ಷರದಲ್ಲಿ ಅಳಿಸುವ ಮಾತು. ಅವನಿಗೆ ಅದು ಕಾಣಲಿಲ್ಲ. ಹಬ್ಬದ ಮುಂದೆ ಬಾಕಿ ಕೇಳಲು ಹೊರಟಾಗ ಲೆಕ್ಕವೇ ಇಲ್ಲ. ಇಲ್ಲಿ ಅವನನ್ನು ವಂಚಿಸಿದುದು ಮಾತಲ್ಲ, ಮಾತಿನ ಉಡುಗೆ.

ಆದಕಾರಣ ಶೈಲಿಪತ್ರವನ್ನು ಬರೆಯುವವನಿಗೂ ಸತ್ಯದ ಹೊಣೆಯುಂಟು. ನಷ್ಟವನ್ನು ತಿಳಿಸುವ ಮಾತು ಲಾಭವನ್ನು ತಿಳಿಸುವ ಮಾತಿಗಿಂತ ಮಸುಕಾಗಿರಬಾರದು. ಸಾಧಾರಣ ಗಾತ್ರದ ಅಕ್ಷರಕ್ಕೂ ಅದರ ಹಿನ್ನೆಲೆಗೂ ನಡುವೆ ಬೆಳಕಿನ ಅನುಪಾತ 4.5ಕ್ಕೆ 1ರಷ್ಟಾದರೂ ಇರಬೇಕೆಂದು ಜಾಲದ ಸುಗಮತೆಯ ನಿಯಮಗಳು ಹೇಳುತ್ತವೆ. ತೆಗೆದುಹಾಕಿದುದಕ್ಕೆ ಕೆಂಪು ಬಣ್ಣ ಕೊಟ್ಟರೆ ಸಾಲದು. ಬಣ್ಣವನ್ನು ಗುರುತಿಸಲಾರದವರೂ ಇದ್ದಾರೆ, ಪರದೆಯನ್ನು ಯಂತ್ರದಿಂದ ಓದಿಸಿ ಕೇಳುವ ಅಂಧರೂ ಇದ್ದಾರೆ. ಅವರಿಗಾಗಿ ‘ತೆಗೆದುಹಾಕಿದೆ’ ಎಂಬ ಮಾತು ಬರೆಹದಲ್ಲಿಯೇ ಇರಬೇಕು.

ಟಿಪ್ಪಣಿ ಕನ್ನಡದಲ್ಲಿದ್ದರೆ ಇನ್ನೂ ಕೆಲವು ಎಚ್ಚರಗಳು ಬೇಕು. ಇಂಗ್ಲಿಷಿಗೆಂದು ಬಿಗಿಯಾಗಿ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಒಗ್ಗುವುದಿಲ್ಲ. ನಮ್ಮ ಒತ್ತಕ್ಷರಗಳು ಕೆಳಕ್ಕೆ ಇಳಿಯುತ್ತವೆ, ಗುಣಿತದ ಚಿಹ್ನೆಗಳು ಮೇಲಕ್ಕೆ ಏರುತ್ತವೆ. ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸನ್ನು ತಾಗುತ್ತದೆ. ಅಕ್ಷರದ ಗಾತ್ರದ ಒಂದೂವರೆಯಷ್ಟಕ್ಕೆ ಕಡಮೆಯಾಗದಂತೆ ಸಾಲಿನ ಎತ್ತರವನ್ನು ಇಟ್ಟರೆ ಕಣ್ಣಿಗೆ ಹಿತ. ತಲೆಬರಹವನ್ನು ದೊಡ್ಡಕ್ಷರಕ್ಕೆ ತಿರುಗಿಸೆಂಬ ಆಜ್ಞೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲದ ಕನ್ನಡದಲ್ಲಿ ಅದು ವ್ಯರ್ಥ. ಓರೆಯಾಗಿ ಬಾಗಿಸಿದ ಅಕ್ಷರವೂ ನಮ್ಮ ದುಂಡು ಲಿಪಿಗೆ ಹೊಂದದು. ಗಾತ್ರ, ದಪ್ಪ, ಸುತ್ತಲಿನ ಬಿಡುವು, ಒಂದು ಗೆರೆ ಇವುಗಳಿಂದಲೇ ಕೆಲಸ ಸಾಗಬೇಕು. ಈ ಭಾಗ ಕನ್ನಡವೆಂದು ಬರೆಹದಲ್ಲಿ ಗುರುತಿಟ್ಟರೆ, ಶೈಲಿಪತ್ರವು ಕನ್ನಡಕ್ಕೆ ಬೇಕಾದ ನಿಯಮವನ್ನು ಕನ್ನಡಕ್ಕೆ ಮಾತ್ರ ಅನ್ವಯಿಸಬಲ್ಲದು. ಈ ಸೌಲಭ್ಯವಿದ್ದೂ ಇಂಗ್ಲಿಷಿನ ಅಂಗಿಯನ್ನೇ ಕನ್ನಡಕ್ಕೆ ತೊಡಿಸುವುದು ಬಡತನವಲ್ಲ, ಉದಾಸೀನ.

ಟಿಪ್ಪಣಿಯೊಂದು ಚೆನ್ನಾಗಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆಗಳು ಸಾಕು. ಮೊದಲನೆಯದು, ಶೈಲಿಪತ್ರವನ್ನು ಪೂರ್ತಿಯಾಗಿ ತೆಗೆದು ನೋಡುವುದು: ತಲೆಬರಹ, ತಾರೀಖು, ಪಟ್ಟಿ ಇವು ಬರಿಯ ಮೈಯಲ್ಲಿಯೂ ಕ್ರಮವಾಗಿ ನಿಂತರೆ ಬರೆಹ ಗಟ್ಟಿಯಾದುದು. ಎರಡನೆಯದು, ಶೈಲಿಪತ್ರವನ್ನು ಮತ್ತೆ ತೊಡಿಸಿ, ಈ ಕಸುಬನ್ನು ಅರಿಯದ ಒಬ್ಬರ ಕೈಗೆ ಕೊಟ್ಟು, ‘ಇದರಿಂದ ನಿಮಗೆ ಹೋದದ್ದೇನು?’ ಎಂದು ಕೇಳುವುದು. ಅವರು ಹುಡುಕಾಡದೆ ಉತ್ತರ ಹೇಳಿದರೆ ಉಡುಗೆಯೂ ಸಾಚಾ.