ಷೆರೀಫನು ಸೋಲದ ಬೆಟ್ಟಗಳು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ, ಲಾಸ್ ಏಂಜಲೀಸ್ ನಗರದಿಂದ ಉತ್ತರಕ್ಕೆ ಸುಮಾರು 200 ಮೈಲಿ ದೂರದಲ್ಲಿ ಲೋನ್ ಪೈನ್ ಎಂಬ ಪುಟ್ಟ ಊರಿದೆ. ಅದರ ಪಶ್ಚಿಮಕ್ಕೆ ಸಿಯೆರಾ ನೆವಾಡಾ ಪರ್ವತಶ್ರೇಣಿಯು ಕೋಟೆಯ ಗೋಡೆಯಂತೆ ನೆಟ್ಟಗೆ ಎದ್ದು ನಿಂತಿದೆ. 14,505 ಅಡಿ ಎತ್ತರದ ಮೌಂಟ್ ವಿಟ್ನಿ ಶಿಖರವು ಊರಿನ ಬೀದಿಗೇ ಕಾಣುತ್ತದೆ. ಪರ್ವತಕ್ಕೂ ಊರಿಗೂ ನಡುವೆ ಕಂದು ಬಣ್ಣದ ದುಂಡು ಬಂಡೆಗಳ ಗುಡ್ಡಸಾಲು ಹಬ್ಬಿದೆ. ಅಲಬಾಮಾ ಹಿಲ್ಸ್ ಎಂಬುದು ಅದರ ಹೆಸರು. ದೈತ್ಯರ ಮಕ್ಕಳು ಆಡಿ ಬಿಟ್ಟುಹೋದ ಗಜ್ಜುಗಗಳಂತೆ ಚೆಲ್ಲಿರುವ ಈ ಬಂಡೆಗಳನ್ನು ಮೊದಲ ಬಾರಿಗೆ ಕಂಡವನಿಗೂ ಇವನ್ನು ಹಿಂದೆಲ್ಲೋ ನೋಡಿದಂತೆ ತೋರಿದರೆ ಆಶ್ಚರ್ಯವಿಲ್ಲ. ಕುದುರೆ, ಅಗಲಂಚಿನ ಟೋಪಿ, ಪಿಸ್ತೂಲುಗಳ ನೂರಾರು ಚಲಚ್ಚಿತ್ರಗಳು ಇಲ್ಲಿಯೇ ತಯಾರಾದವು.

1920ರಲ್ಲಿ ‘ದಿ ರೌಂಡಪ್’ ಎಂಬ ಮೂಕಿ ಚಿತ್ರದ ತಂಡವು ಇಲ್ಲಿ ಬೀಡುಬಿಟ್ಟಿತು. ಹಾಲಿವುಡ್ಡಿನಿಂದ ಬರುವವರು ಹೆಚ್ಚಿದಂತೆ, ಅವರ ವಸತಿಗಾಗಿ 1923ರಲ್ಲಿ ಡೌ ಹೋಟೆಲು ಎದ್ದಿತು. ಆರ್ಥಿಕ ಮುಗ್ಗಟ್ಟಿನ 1930ರ ದಶಕದಲ್ಲಿ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರಗಳನ್ನು ತೋರಿಸತೊಡಗಿದಾಗ, ಆ ಎರಡನೆಯ ಸ್ಥಾನವನ್ನು ತುಂಬಲು ಅಗ್ಗದ ಚಿತ್ರಗಳು ಬೇಕಾದವು. 1935ರಲ್ಲಿ ಹುಟ್ಟಿದ ರಿಪಬ್ಲಿಕ್ ಸಂಸ್ಥೆಯಂಥವು ಈ ಕೆಲಸದಲ್ಲಿ ಪಳಗಿದವು. ಒಂದು ಗಂಟೆಯ ಚಿತ್ರವನ್ನು ಒಂದೆರಡು ವಾರಗಳಲ್ಲಿ ಮುಗಿಸುವುದು ಅವುಗಳ ಪರಿಪಾಠ. ಹಣ ಸಾಲದಿದ್ದರೆ ಹಳೆಯ ಚಿತ್ರದ ಕುದುರೆಯೋಟವನ್ನೇ ಹೊಸದರಲ್ಲಿ ಸೇರಿಸುತ್ತಿದ್ದರು. ಇಂಥವರಿಗೆ ಅಲಬಾಮಾ ಹಿಲ್ಸ್ ವರದಾನವಾಯಿತು. ಬಿಸಿಲಿಗೆ ಬರವಿಲ್ಲ, ಬಂಡೆಯ ಮರೆಗೆ ಕೊರತೆಯಿಲ್ಲ, ಹಿನ್ನೆಲೆಗೆ ಹಿಮಶಿಖರವು ಬಿಟ್ಟಿಯಾಗಿ ನಿಂತಿತ್ತು!

ಕಥೆಯೂ ಬಹುಮಟ್ಟಿಗೆ ಒಂದೇ. ಊರಿನ ಗಣ್ಯನೊಬ್ಬನು ರೈತರ ಭೂಮಿಗೋ ನೀರಿಗೋ ಗುಟ್ಟಾಗಿ ಬಲೆ ಬೀಸುತ್ತಾನೆ. ಎದೆಯ ಮೇಲೆ ನಕ್ಷತ್ರದ ಬಿಲ್ಲೆ ಧರಿಸಿದ ಷೆರೀಫನೋ ಮಾರ್ಷಲನೋ ಬರುತ್ತಾನೆ. ಬಂಡೆಗಳ ಸಂದಿಯಲ್ಲಿ ಬೆನ್ನಟ್ಟುವಿಕೆ ನಡೆಯುತ್ತದೆ, ಖಳನು ಸೆರೆಯಾಗುತ್ತಾನೆ. 1938ರ ‘ದಿ ಲೋನ್ ರೇಂಜರ್’ ಧಾರಾವಾಹಿ ಚಿತ್ರದಲ್ಲಿ ಟೆಕ್ಸಾಸಿನ ರೇಂಜರುಗಳ ಮೇಲೆ ಹೊಂಚುದಾಳಿ ನಡೆದದ್ದು ಈ ಬಂಡೆಗಳ ನಡುವೆಯೇ. ವಿಲಿಯಂ ಬಾಯ್ಡ್ ನಟಿಸಿದ ಹಾಪಲಾಂಗ್ ಕ್ಯಾಸಿಡಿಯ ಅನೇಕ ಚಿತ್ರಗಳೂ ಇಲ್ಲಿ ತಯಾರಾದವು. 1935ರಿಂದ 1948ರವರೆಗೆ 66 ಚಿತ್ರಗಳಲ್ಲಿ ಮೆರೆದ ಈ ಕಪ್ಪುಡುಪಿನ ನಾಯಕನು ಮೂಲ ಕಾದಂಬರಿಗಳಲ್ಲಿ ಒರಟನೂ ಕುಡುಕನೂ ಆಗಿದ್ದವನು. ಬಾಯ್ಡನು ಅವನನ್ನು ಮದ್ಯ ಮುಟ್ಟದ ಸಜ್ಜನನನ್ನಾಗಿ ಮಾಡಿದನು. ಶನಿವಾರದ ಮಧ್ಯಾಹ್ನ ಕೈಯಲ್ಲಿ ಚಿಲ್ಲರೆ ಹಿಡಿದು ಬರುವ ಮಕ್ಕಳಿಗೆ ಅಂಥವನೇ ಬೇಕಾಗಿದ್ದನು.

ಈ ಬಂಡೆಗಳು ಭಾರತದ ವೇಷವನ್ನೂ ಧರಿಸಿವೆ. 1939ರ ‘ಗಂಗಾ ದಿನ್’ ಚಿತ್ರದಲ್ಲಿ ನಮ್ಮ ಅಂದಿನ ವಾಯವ್ಯ ಗಡಿನಾಡೆಂದು ತೋರಿಸಿದ ನೆಲ ಇದೇ ಆಗಿತ್ತು. ಸುಳ್ಳನ್ನು ನಿಜವೆನ್ನಿಸುವ ಶಕ್ತಿ ಈ ಸ್ಥಳಕ್ಕೆ ಅಷ್ಟರಮಟ್ಟಿಗಿದೆ.

ಆದರೆ ಇದೇ ಕಣಿವೆಯಲ್ಲಿ ಭೂಮಿಗೂ ನೀರಿಗೂ ನಿಜವಾದ ಹೋರಾಟ ನಡೆದಿತ್ತು. ಲಾಸ್ ಏಂಜಲೀಸ್ ನಗರವು ಇಲ್ಲಿನ ಓವೆನ್ಸ್ ನದಿಯ ನೀರಿನ ಹಕ್ಕುಗಳನ್ನು ಖರೀದಿಸಿ, ದೀರ್ಘವಾದ ಕಾಲುವೆಯೊಂದನ್ನು 1913ರಲ್ಲಿ ತೆರೆಯಿತು. ನಗರವು ಬೆಳೆಯಿತು, ಕಣಿವೆಯು ಒಣಗಿತು. 1924ರ ನವೆಂಬರ್ 16ರಂದು ಸುಮಾರು 70 ಮಂದಿ ಕಣಿವೆಯ ನಿವಾಸಿಗಳು ಅಲಬಾಮಾ ಗೇಟ್ಸ್ ಎಂಬ ತೂಬನ್ನು ವಶಪಡಿಸಿಕೊಂಡು, ನಗರದ ಪಾಲಿನ ನೀರನ್ನು ಹಳೆಯ ನದೀಪಾತ್ರದ ಕಡೆಗೆ ಹರಿಯಬಿಟ್ಟರು. ನಾಲ್ಕು ದಿನ ಹೆಂಗಸರು ಮಕ್ಕಳೆಲ್ಲ ಅಲ್ಲಿಯೇ ಸೇರಿ, ಅಡಿಗೆ ಮಾಡಿ ಉಂಡರು. ಹತ್ತಿರದಲ್ಲೇ ಚಿತ್ರೀಕರಣದಲ್ಲಿದ್ದ ಖ್ಯಾತ ನಟ ಟಾಮ್ ಮಿಕ್ಸ್ ಅವರ ಮನರಂಜನೆಗೆಂದು ತನ್ನ ವಾದ್ಯಗಾರರನ್ನು ಕಳುಹಿಸಿಕೊಟ್ಟನು. ತೆರೆಯ ಮೇಲೆ ಬಡವರ ಪರವಾಗಿ ಕುದುರೆಯೇರಿ ಬರುವ ನಾಯಕನಿಂದ ನಿಜವಾದ ಬಡವರಿಗೆ ದೊರೆತದ್ದು ಒಂದಿಷ್ಟು ಸಂಗೀತ.

ಈ ಕಥೆಯಲ್ಲಿ ಯಾರನ್ನು ಸೆರೆಹಿಡಿಯಬೇಕು? ನಗರವು ನೀರನ್ನು ಕದಿಯಲಿಲ್ಲ, ಪತ್ರದ ಮೇಲೆ ಕೊಂಡಿತ್ತು. ಕಾನೂನು ಅದರ ಪಕ್ಷದಲ್ಲಿತ್ತು. ಪ್ರತಿಭಟನೆಯ ಮುಂದಾಳುಗಳಾಗಿದ್ದ ವಾಟರ್ಸನ್ ಸಹೋದರರು ಬ್ಯಾಂಕು ನಡೆಸುತ್ತಿದ್ದರು. 1927ರಲ್ಲಿ ಆ ಬ್ಯಾಂಕು ಮುಚ್ಚಿತು. ಹಣ ದುರುಪಯೋಗದ ಅಪರಾಧಕ್ಕಾಗಿ ಅವರಿಬ್ಬರೂ ಸೆರೆಮನೆ ಸೇರಿದರು. ಠೇವಣಿಯಿಟ್ಟ ಜನರು ನೀರಿನೊಂದಿಗೆ ಉಳಿತಾಯವನ್ನೂ ಕಳೆದುಕೊಂಡರು. ಒಂದು ಗಂಟೆಯಲ್ಲಿ ತೀರುವ ವ್ಯಾಜ್ಯ ಇದಾಗಿರಲಿಲ್ಲ.

ಲೋನ್ ಪೈನಿಗೆ ಹತ್ತು ಮೈಲಿ ಉತ್ತರಕ್ಕೆ, ಅದೇ ಹೆದ್ದಾರಿಯ ಮಗ್ಗುಲಲ್ಲಿ ಮಾಂಜನಾರ್ ಇದೆ. ಸ್ಪ್ಯಾನಿಷ್ ಭಾಷೆಯಲ್ಲಿ ಆ ಹೆಸರಿಗೆ ಸೇಬಿನ ತೋಟವೆಂದು ಅರ್ಥ. ನಗರವು ಅಲ್ಲಿನ ಭೂಮಿಯನ್ನೂ ಕೊಂಡ ಮೇಲೆ, 1929ರ ವೇಳೆಗೆ ಊರು ಬರಿದಾಯಿತು. ಆ ಬರಿದಾದ ನೆಲದಲ್ಲಿಯೇ 1942ರಲ್ಲಿ ಸರ್ಕಾರವು ಮುಳ್ಳುತಂತಿಯ ಶಿಬಿರವನ್ನು ಕಟ್ಟಿತು. ಯುದ್ಧಕಾಲದ ಶಂಕೆಯಿಂದ, ವಿಚಾರಣೆಯೇ ಇಲ್ಲದೆ, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಜಪಾನೀ ಮೂಲದವರನ್ನು ಇಲ್ಲಿ ಕೂಡಿಹಾಕಿದರು. ಅವರಲ್ಲಿ ಬಹುಮಂದಿ ಅಮೆರಿಕದಲ್ಲೇ ಹುಟ್ಟಿದ ಪ್ರಜೆಗಳು. 1943ರ ‘ಹಾಪಿ ಸರ್ವ್ಸ್ ಎ ರಿಟ್’ ಚಿತ್ರದಲ್ಲಿ ಹಾಪಲಾಂಗನು ಷೆರೀಫನ ಬಿಲ್ಲೆ ಧರಿಸಿ, ತನ್ನ ಅಧಿಕಾರ ನಡೆಯದ ಎಲ್ಲೆಯಾಚೆಗೂ ಹೋಗಿ ಕಳ್ಳರನ್ನು ಹಿಡಿದದ್ದುಂಟು. ಅದೇ ವರ್ಷ ಮಾಂಜನಾರಿನ ಕಾವಲುಗೋಪುರಗಳ ಮೇಲೆ ಬಂದೂಕು ಹಿಡಿದು ನಿಂತವರೂ ಕಾನೂನಿನ ಹೆಸರಿನಲ್ಲಿಯೇ ನಿಂತಿದ್ದರು. ಸರ್ಕಾರವು ವಿಧಿಪೂರ್ವಕವಾಗಿ ಕ್ಷಮೆ ಕೋರಿ, ಬದುಕುಳಿದವರಿಗೆ ತಲಾ 20,000 ಡಾಲರು ಪರಿಹಾರ ಕೊಡುವ ಶಾಸನವಾಗಲು 1988 ಬರಬೇಕಾಯಿತು.

ಅಗ್ಗದ ಷೆರೀಫ್ ಚಿತ್ರಗಳ ಸಾಲು 1954ರ ‘ಟೂ ಗನ್ಸ್ ಅಂಡ್ ಎ ಬ್ಯಾಡ್ಜ್’ ಚಿತ್ರದೊಂದಿಗೆ ಕೊನೆಗೊಂಡಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಮಕ್ಕಳು ಆ ವೇಳೆಗೆ ಮನೆಯ ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಹಾಪಲಾಂಗನೂ 1949ರಲ್ಲೇ ಅಲ್ಲಿಗೆ ಬಂದಿದ್ದನು. ಲೋನ್ ಪೈನಿನಲ್ಲಿ 1990ರಿಂದ ಹಳೆಯ ಚಿತ್ರಗಳ ಉತ್ಸವ ನಡೆಯುತ್ತ ಬಂದಿದೆ. 2006ರಲ್ಲಿ ವಸ್ತುಸಂಗ್ರಹಾಲಯವೊಂದು ತೆರೆಯಿತು. ಬಂಡೆಗಳ ನಡುವೆ ಸಾಗುವ ಮಣ್ಣುದಾರಿಗೆ ಮೂವಿ ರೋಡ್ ಎಂದೇ ಹೆಸರು.

ಆ ದಾರಿಯನ್ನು ಸುತ್ತಿ ಬಂದ ಪ್ರವಾಸಿಗನು ಹತ್ತು ಮೈಲಿ ಮುಂದೆ ಹೋದರೆ, ಮಾಂಜನಾರಿನ ಸ್ಮಶಾನದಲ್ಲಿ ಬಂಧಿತರೇ 1943ರಲ್ಲಿ ನಿಲ್ಲಿಸಿದ ಬಿಳಿಯ ಸ್ತಂಭವನ್ನು ಕಾಣುತ್ತಾನೆ. ಅದರ ಹಿಂದೆ ಚಿತ್ರಗಳಲ್ಲಿ ಕಂಡ ಅದೇ ಹಿಮಪರ್ವತಶ್ರೇಣಿ. ಸಮೀಪದಲ್ಲಿ ಹಳೆಯ ತೋಟದ ಕೆಲವು ಸೇಬು, ಪೇರ್ ಮರಗಳಿವೆ. ಊರು ಬರಿದಾದ ಮೇಲೆ ಪಾಳುಬಿದ್ದಿದ್ದ ಆ ತೋಟಕ್ಕೆ ಮತ್ತೆ ನೀರೆರೆದು ಫಲ ಬಿಡಿಸಿದವರು ತಂತಿಯೊಳಗಿದ್ದ ಬಂಧಿತರು.