"ಸೋತ್ವೇನೋ?" (ಭಾಗ 4)

2025ರ ಜೂನ್ 3. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್, ನಾನು ಮೊಳಕಾಲ್ಮುರಿನ ಮನೇಲಿ. ಮಗ್ಗ ನಿಲ್ಲಿಸಿ ಮಲಗಿದ್ದ ತಾತನಿಗೆ ಮೊಬೈಲ್ ಸ್ಕ್ರೀನ್ ಸರಿಯಾಗಿ ಕಾಣಲ್ಲ. ಕನ್ನಡ ಕಾಮೆಂಟರಿ ಮಾತ್ರ ಕೇಳ್ತಿದ್ರು.

ಕೊನೆ ಓವರ್. ಪಂಜಾಬ್‌ಗೆ 29 ರನ್ ಬೇಕು. ಹೇಜಲ್‌ವುಡ್ ಎಸೆದ ಮೊದಲೆರಡು ಬಾಲ್ ಡಾಟ್. ಅಲ್ಲಿಗೆ ಕಪ್ ನಮ್ದೇ, ಕೊಹ್ಲಿ ಕಣ್ಣಲ್ಲಿ ಆಗ್ಲೇ ನೀರು. ಆಮೇಲೆ ಶಶಾಂಕ್ ಸಿಕ್ಸ್ ಹೊಡೆದಾಗ್ಲೂ ಕಾಮೆಂಟರಿ ದನಿ ಅಷ್ಟೇ ಜೋರು. ತಾತ ಗಾಬರಿಯಾಗಿ ಎದ್ದು ಕೂತು, "ಸೋತ್ವೇನೋ?" ಅಂದ್ರು.

6 ರನ್ನಿಂದ ಆರ್‌ಸಿಬಿ ಗೆದ್ದಿತು. 18 ವರ್ಷ ಕಾದಿದ್ದು ಸಾರ್ಥಕ. ಆದ್ರೆ ತಾತನ ಪ್ರಶ್ನೆ ನನಗೇ ತಾಗಿತು.

ಯಾಕಂದ್ರೆ ಚಳ್ಳಕೆರೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಮೈಕ್ ಹಿಡಿಯೋನು ನಾನೇ. ಸಿಂಗಲ್ ತಗೊಂಡ್ರೂ "ಅದ್ಭುತ!" ಅಂತ ಕಿರುಚ್ತಿದ್ದೆ. ದಿನಕ್ಕೆ 500 ರೂಪಾಯಿ ಕೊಡ್ತಾರೆ, ಸಪ್ಪೆಯಾದ್ರೆ ಮತ್ತೆ ಕರೆಯಲ್ಲ ಅನ್ನೋ ಭಯ.

ಮುಂದಿನ ಮ್ಯಾಚಲ್ಲಿ ಡಾಟ್ ಬಾಲನ್ನ ಡಾಟ್ ಬಾಲ್ ಅಂತಲೇ ಹೇಳಿದೆ. "ಏನಪ್ಪಾ, ಹುಷಾರಿಲ್ವಾ?" ಅಂದ್ರು ಆಯೋಜಕರು. ಆದ್ರೆ ಕೊನೆ ಓವರಲ್ಲಿ ನಾನು ಕೂಗಿದ ತಕ್ಷಣ ಟೀ ಅಂಗಡಿ ಮುಂದೆ ನಿಂತಿದ್ದೋರೆಲ್ಲ ಗ್ರೌಂಡ್ ಕಡೆ ಓಡಿ ಬಂದ್ರು.

ಮತ್ತೆ ಕರೀತಾರೋ ಇಲ್ವೋ, ನೋಡ್ಬೇಕು. ನಿಮಗೆ ಎಂಥ ಕಾಮೆಂಟರಿ ನಿಜ ಅನ್ಸುತ್ತೆ? ಹೇಳಿ.

#ಚಳ್ಳಕೆರೆ #ಮೊಳಕಾಲ್ಮುರು #ಕನ್ನಡಕಾಮೆಂಟರಿ