ಬೆರಳಿಗೆ ಶಾಯಿ ಇಲ್ಲದ ಓಟು

1/6
ಮೊದಲ ಫೋಟೋ ಇಂಗ್ಲೆಂಡಿನ ಲೆಸ್ಟರ್‌ನ ಒಂದು ಶಾಲೆ ಗೇಟಿಂದು. ಜೂಮ್ ಮಾಡಿದ್ರೆ ‘ಪೋಲಿಂಗ್ ಸ್ಟೇಷನ್’ ಅನ್ನೋ ಬೋರ್ಡ್ ಕಾಣುತ್ತೆ. ತಾರೀಖು 2016ರ ಜೂನ್ 23. ಯುರೋಪಿಯನ್ ಯೂನಿಯನ್‌ನಲ್ಲಿ ಉಳೀಬೇಕಾ, ಬಿಡಬೇಕಾ ಅಂತ ಬ್ರಿಟನ್ ತನ್ನ ಮತದಾರರನ್ನ ಕೇಳಿದ ದಿನ. ಆವತ್ತು ನಾನೂ ಓಟು ಹಾಕಿದ್ದೆ. ಹೌದು, ನಿಮ್ಮ ಜೊತೆ ಕೊನೇ ಬೆಂಚಲ್ಲಿ ಕೂತಿದ್ದ ದಾವಣಗೆರೆ ಹುಡುಗನೇ.

ಹೇಗೆ ಅಂತೀರಾ? ಕಾಮನ್‌ವೆಲ್ತ್ ದೇಶದವರು ಅಲ್ಲಿ ವೀಸಾ ಮೇಲೆ ವಾಸ ಇದ್ದು, ಪಟ್ಟಿಗೆ ಹೆಸರು ಸೇರಿಸಿದ್ರೆ ಓಟು ಹಾಕಬಹುದು. ನಾನು ಎಂಎಸ್ಸಿ ಓದೋಕೆ ಹೋಗಿ ಒಂಬತ್ತು ತಿಂಗಳಾಗಿತ್ತು ಅಷ್ಟೇ.

2/6
ಈಗ ಎರಡನೇ ಫೋಟೋ, ನಮ್ಮ ಬಾಡಿಗೆ ಮನೆ ಅಡುಗೆಮನೆ. ಒಲೆ ಮುಂದೆ ಬೆನ್ನು ಮಾಡಿ ನಿಂತಿರೋರು ಪೋಲೆಂಡಿನವರು, ಪಕ್ಕದ ರೂಮಿನವರು. ಮನಸ್ಸಲ್ಲೇ ಅವರನ್ನ ‘ಅಕ್ಕ’ ಅಂತಿದ್ದೆ. 2005ರಲ್ಲಿ ಬಂದವರು. ವೇರ್‌ಹೌಸ್‌ನಲ್ಲಿ ನೈಟ್ ಶಿಫ್ಟ್. ಹನ್ನೊಂದು ವರ್ಷ ಅಲ್ಲೇ ದುಡಿದು, ಅಲ್ಲೇ ಟ್ಯಾಕ್ಸ್ ಕಟ್ಟಿದವರು. ಜನವರಿ ಚಳಿಗೆ ನಾನು ನಡುಗೋದು ನೋಡಿ ತಮ್ಮ ದಪ್ಪ ರಗ್ಗು ತಂದು ಕೊಟ್ಟಿದ್ರು.

ಅವರಿಗೆ ಓಟು ಇರಲಿಲ್ಲ. ಐರ್ಲೆಂಡ್, ಮಾಲ್ಟಾ, ಸೈಪ್ರಸ್ ಬಿಟ್ರೆ ಯುರೋಪಿಯನ್ ಯೂನಿಯನ್‌ನ ಬೇರೆ ದೇಶಗಳ ಪ್ರಜೆಗಳಿಗೆ ಆ ಜನಮತದಲ್ಲಿ ಓಟಿಲ್ಲ. ತೀರ್ಮಾನ ಅವರ ಬದುಕಿನದ್ದು, ಚೀಟಿ ಮಾತ್ರ ನನ್ನ ಕೈಲಿ.

3/6
ನಾನು ‘ಬಿಡಬೇಕು’ ಅನ್ನೋದಕ್ಕೆ ಹಾಕಿದೆ.

ಅನ್‌ಫಾಲೋ ಮಾಡೋ ಮುಂಚೆ ಕಾರಣ ಕೇಳಿ. ವಾರಕ್ಕೆ 35 ಕೋಟಿ ಪೌಂಡ್ ಅಂತ ಬರೆದಿದ್ದ ಆ ಕೆಂಪು ಬಸ್ ನೋಡಿ ನಾನೇನೂ ಮರುಳಾಗಲಿಲ್ಲ. ನನಗಿದ್ದದ್ದು ಹೊಟ್ಟೆಯುರಿ. ನನ್ನ ಸೀನಿಯರ್‌ಗಳಿಗೆ ಓದು ಮುಗಿದ ಮೇಲೆ ಎರಡು ವರ್ಷ ಕೆಲಸ ಮಾಡೋ ವೀಸಾ ಇತ್ತು, 2012ರಲ್ಲಿ ಅದನ್ನ ನಿಲ್ಲಿಸಿದ್ರು. ನನಗೆ ಸಿಗ್ತಿದ್ದದ್ದು ನಾಲ್ಕೇ ತಿಂಗಳು. ವೀಸಾ ಫೀಸು, ಅದರ ಮೇಲೆ ಆಸ್ಪತ್ರೆಗೆ ಅಂತ ವರ್ಷಕ್ಕೆ 150 ಪೌಂಡ್ ಬೇರೆ. ಅಕ್ಕನ ಕಡೆಯವರು ಮಾತ್ರ ಬಸ್ ಹತ್ತಿ ಬಂದು ಮಾರನೇ ದಿನವೇ ಕೆಲಸಕ್ಕೆ ಸೇರಬಹುದಿತ್ತು. ಬ್ರಿಟನ್ ಹೊರಗೆ ಬಂದ್ರೆ ನಮ್ಮಂಥವರಿಗೆ ಜಾಗ ಆಗುತ್ತೆ ಅಂತ ಪ್ರೀತಿ ಪಟೇಲ್ ಥರದವರು ಹೇಳ್ತಿದ್ರು, ‘ಕರಿ ಹೌಸ್ ಉಳಿಸಿ’ ಅಂತ. ನಾನು ನಂಬಿದೆ. ದಾರಕ್ಕೆ ಕಟ್ಟಿದ್ದ ಪೆನ್ಸಿಲ್ ತಗೊಂಡು ಇಂಟು ಗುರುತು ಹಾಕಿ ಬಂದೆ. ಬೆರಳಿಗೆ ಶಾಯಿ ಇಲ್ಲ, ಸೆಲ್ಫಿಗೂ ಏನೂ ಇಲ್ಲ.

4/6
ಮಾರನೇ ದಿನ ಬೆಳಗ್ಗೆ ರಿಸಲ್ಟ್. ಬಿಡಬೇಕು ಶೇ 51.9, ಉಳೀಬೇಕು ಶೇ 48.1. ಲೆಸ್ಟರ್ ಊರು ಮಾತ್ರ ಸುಮಾರು ಮೂರು ಸಾವಿರ ಓಟಿನಿಂದ ‘ಉಳೀಬೇಕು’ ಅಂದಿತ್ತು. ಕ್ಯಾಮರಾನ್ ರಾಜೀನಾಮೆ ಮಾತು ಹೇಳ್ತಿರೋವಾಗ ಅಕ್ಕ ಶಿಫ್ಟ್ ಮುಗಿಸಿ ಬಂದ್ರು. ಟೀಗೆ ನೀರಿಟ್ಟು, “ನಾವು ವಾಪಸ್ ಹೋಗ್ಬೇಕಾ?” ಅಂದ್ರು. “ಗೊತ್ತಿಲ್ಲ” ಅಂದೆ. “ನೀನು ಯಾವುದಕ್ಕೆ ಹಾಕಿದೆ?”

“ಉಳೀಬೇಕು ಅನ್ನೋದಕ್ಕೆ” ಅಂದೆ.

“ಥ್ಯಾಂಕ್ ಯೂ” ಅಂದ್ರು.

5/6
ಆಮೇಲೆ ಓದಿ ತಿಳ್ಕೊಂಡೆ. ನನ್ನ ವೀಸಾ ಕಿತ್ಕೊಂಡಿದ್ದು ಯುರೋಪ್ ಅಲ್ಲ. ಭಾರತದವರಿಗೆ ಎಷ್ಟು ವೀಸಾ, ಎಷ್ಟು ದಿನ ಅನ್ನೋದು ಮೊದಲಿಂದಲೂ ಲಂಡನ್ ಸರ್ಕಾರದ್ದೇ ತೀರ್ಮಾನ. ಯೂನಿಯನ್ ಒಳಗಿದ್ದಾಗಲೇ ಎರಡು ವರ್ಷ ಕೊಟ್ಟಿತ್ತು, ಒಳಗಿದ್ದಾಗಲೇ ತೆಗೀತು. 2021ರ ಜುಲೈನಲ್ಲಿ ಮತ್ತೆ ಎರಡು ವರ್ಷ ಕೊಡ್ತು. ಅದಕ್ಕೆ ಯಾವ ಒಕ್ಕೂಟವನ್ನೂ ಬಿಡೋ ಅಗತ್ಯ ಇರಲಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಆ ಬರೆ ಹಾಕಿದವರಲ್ಲಿ ನಾನೂ ಒಬ್ಬ.

ಬಿಟ್ಟಿದ್ದರಿಂದ ಏನೂ ಆಗಲಿಲ್ಲ ಅಂತ ಹೇಳಲ್ಲ. ಒಳಗಿದ್ದಿದ್ರೆ ಬ್ರಿಟನ್ ತಾನೊಂದೇ ಭಾರತದ ಜೊತೆ ವ್ಯಾಪಾರ ಒಪ್ಪಂದ ಮಾಡ್ಕೊಳ್ಳೋಕೆ ಆಗ್ತಿರಲಿಲ್ಲ. 2025ರ ಜುಲೈನಲ್ಲಿ ಸಹಿ ಆಯ್ತು. ಅದು ನಿಜವಾದ ಬದಲಾವಣೆ. ಆದ್ರೆ ನಾನು ಓಟು ಹಾಕಿದ್ದು ಅದನ್ನ ಯೋಚಿಸಿ ಅಲ್ಲ.

ಅಕ್ಕ ಅಲ್ಲೇ ಇದ್ದಾರೆ. 2019ರಲ್ಲಿ ಅರ್ಜಿ ಹಾಕಿ ‘ಸೆಟಲ್ಡ್ ಸ್ಟೇಟಸ್’ ತಗೊಂಡ್ರು. ಹದಿನಾಲ್ಕು ವರ್ಷ ಬದುಕಿದ ಊರಲ್ಲಿ ಇರೋಕೆ ಅರ್ಜಿ!

6/6
ಕಳೆದ ವಾರ ಅವರಿಗೆ ವಾಟ್ಸಾಪ್‌ನಲ್ಲಿ ನಿಜ ಬರೆದೆ. ನೀಲಿ ಟಿಕ್ ಬಂತು. ಉತ್ತರ ಮಾರನೇ ದಿನ: “ಗೊತ್ತಿತ್ತು. ಆವತ್ತು ಟೀ ಕುಡೀದೆ ಎದ್ದು ಹೋದೆ ನೀನು.”

ಹದಿನೆಂಟು ತುಂಬಿರೋ ನಿಮಗೆ ಯಾರಿಗೆ ಹಾಕಿ ಅಂತ ನಾನು ಹೇಳಲ್ಲ. ಒಳಗೆ ಹೋಗೋ ಮುಂಚೆ ಎರಡು ಪ್ರಶ್ನೆ ಕೇಳ್ಕೊಳ್ಳಿ. ನನ್ನ ಸಿಟ್ಟಿಗೆ ಕಾರಣ ಆದವರು ನಿಜವಾಗ್ಲೂ ಇವರೇನಾ? ಇದರ ಬೆಲೆ ಕೊಡೋರಿಗೆ ಓಟಿದೆಯಾ?

ನೀವು ಸಿಟ್ಟಲ್ಲಿ ಹಾಕಿದ ಓಟು ಯಾವುದಾದ್ರೂ ಇದ್ರೆ ಕಮೆಂಟ್ ಮಾಡಿ. ಬೈಯೋರಿದ್ರೆ ಬೈಯಿರಿ, ಓದ್ತೀನಿ.

#ಬ್ರೆಕ್ಸಿಟ್ #ನನ್ನ_ಓಟು #ಲೆಸ್ಟರ್_ದಿನಗಳು